ಕಾರು ಮಾರಿಯಾಗಿದೆ, ಇನ್ಶೂರೆನ್ಸ್ ಮುಗಿದಿದೆ, ಆರ್‌ಸಿಯಲ್ಲಿ ಹೆಸರು ಇನ್ನೂ ನಿಮ್ಮದೇ

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ನನ್ನ ಹೆಸರಿನಲ್ಲಿದ್ದ ಕೆಎಲ್ 14 ನಂಬರಿನ ಆಲ್ಟೊ ಕಾರನ್ನು ಎಂಟು ತಿಂಗಳ ಹಿಂದೆ ವಿಟ್ಲ ಕಡೆಯ ಪರಿಚಯದ ಒಬ್ಬರಿಗೆ ಮಾರಿದೆ. ಹಣ ಪೂರ್ತಿ ಬಂತು. ಸ್ಟ್ಯಾಂಪ್ ಪೇಪರಿನಲ್ಲಿ ಬರೆಸಿಕೊಂಡಿದ್ದೇವೆ. "ಇಂದಿನಿಂದ ಎಲ್ಲ ಹೊಣೆ ಕೊಂಡವರದ್ದು" ಅಂತ ಅದರಲ್ಲಿದೆ. ಎರಡು ಫಾರಂಗಳಿಗೆ ಸಹಿ ಹಾಕಿ ಆರ್‌ಸಿ ಕೊಟ್ಟೆ. ಹೆಸರು ತಾವೇ ಬದಲಾಯಿಸಿಕೊಳ್ಳುತ್ತೇವೆ ಅಂದಿದ್ದರು. ಕಳೆದ ವಾರ ಸೀಟ್ ಬೆಲ್ಟ್ ಹಾಕದ್ದಕ್ಕೆ ₹500ರ ಚಲನ್ ನನ್ನ ಫೋನಿಗೆ ಬಂತು. ಫೋಟೋ ತೆರೆದರೆ ಅದೇ ಕಾರು, ಮಗಳು ಮುಂದಿನ ಗಾಜಿಗೆ ಅಂಟಿಸಿದ್ದ ಸ್ಟಿಕರ್ ಕೂಡ ಹಾಗೇ ಇದೆ. ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿದರೆ ಮಾಲೀಕನ ಹೆಸರು ನನ್ನದೇ. ಇನ್ಶೂರೆನ್ಸ್ ಮುಗಿದು ಎರಡು ತಿಂಗಳಾಗಿದೆ. ಫೋನ್ ಮಾಡಿದರೆ "ಮಾಡುವ ಅಣ್ಣಾ, ಅವಸರ ಎಂತ" ಅನ್ನುತ್ತಾರೆ. ದುಬೈಯಲ್ಲಿರುವ ಮಗ "ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ ಅದು ಅವರ ತಪ್ಪು, ನಮಗೆಂತ" ಅನ್ನುತ್ತಾನೆ. ನಾಳೆ ಆ ಕಾರು ಯಾರಿಗಾದರೂ ಡಿಕ್ಕಿ ಹೊಡೆದರೆ ನನ್ನ ತಲೆಗೆ ಬರುತ್ತದೆಯೇ?

ಉತ್ತರ: ಬರುತ್ತದೆ. ಸುತ್ತಿಬಳಸದೆ ಹೇಳುತ್ತಿದ್ದೇನೆ, ಯಾಕೆಂದರೆ ನಿಮಗೆ ಸಮಯ ಕಡಿಮೆ ಇದೆ. ಇವತ್ತಿನ ಸ್ಥಿತಿಯಲ್ಲಿ ಆ ಕಾರಿನಿಂದ ಯಾರಿಗಾದರೂ ಗಾಯವಾದರೆ, ಜೀವ ಹೋದರೆ, ಪರಿಹಾರ ಕೊಡಬೇಕಾದ ಮಾಲೀಕರು ನೀವೇ. ಇನ್ಶೂರೆನ್ಸ್ ಮುಗಿದಿರುವುದರಿಂದ ನಿಮ್ಮ ಪರವಾಗಿ ಹಣ ಕಟ್ಟುವ ಕಂಪನಿಯೂ ಇಲ್ಲ. ಹಾಗಾಗಿ ಮುಂದೆ ಓದುವ ಮೊದಲೇ ಒಂದು ಕೆಲಸ ಮಾಡಿ. ಆ ಕಾರಿಗೆ ಇವತ್ತೇ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದರೆ ಗಾಡಿಯಿಂದ ಹೊರಗಿನವರಿಗೆ ಆದ ಹಾನಿಗೆ ಹಣ ಕೊಡುವ ವಿಮೆ, ಮಾಡಿಸಿ. ನಿಮ್ಮ ಹೆಸರಿನಲ್ಲೇ, ನಿಮ್ಮ ದುಡ್ಡಿನಲ್ಲೇ.

ಮಾರಿದ ಕಾರಿಗೆ ನಾನ್ಯಾಕೆ ದುಡ್ಡು ಹಾಕಬೇಕು ಅಂತ ನಿಮಗೆ ಅನಿಸುತ್ತದೆ. ಎಲ್ಲರಿಗೂ ಹಾಗೇ ಅನಿಸುತ್ತದೆ. ಆಲ್ಟೊ 1000 ಸಿಸಿ ಒಳಗಿನ ಕಾರು. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ ಅದಕ್ಕೆ ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ ₹2,094. ಜಿಎಸ್‌ಟಿ ಸೇರಿದರೆ ಸುಮಾರು ₹2,500. ಇದನ್ನು ಒಂದು ಕಡೆ ಇಡಿ.

ಈಗ ಇನ್ನೊಂದು ಕಡೆಯ ಲೆಕ್ಕ ನೋಡಿ. ಆ ಕಾರು ಬೈಕಿಗೆ ಡಿಕ್ಕಿ ಹೊಡೆದು 30 ವರ್ಷದ ಒಬ್ಬ ಕೂಲಿ ಕೆಲಸದವರು ತೀರಿಹೋದರು ಅಂತ ಇಟ್ಟುಕೊಳ್ಳಿ. ತಿಂಗಳ ದುಡಿಮೆ ₹15,000. ಅವರನ್ನು ನಂಬಿಕೊಂಡು ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದಾರೆ. ವರ್ಷದ ದುಡಿಮೆ ₹1,80,000. ಬದುಕಿದ್ದರೆ ಮುಂದೆ ಆದಾಯ ಹೆಚ್ಚುತ್ತಿತ್ತು ಅಲ್ವಾ, ಅದಕ್ಕಾಗಿ ಈ ವಯಸ್ಸಿನವರಿಗೆ 40% ಸೇರಿಸುತ್ತಾರೆ. ₹2,52,000 ಆಯಿತು. ತಮ್ಮ ಸ್ವಂತಕ್ಕೆ ಖರ್ಚು ಮಾಡಿಕೊಳ್ಳುತ್ತಿದ್ದದ್ದು ಅಂತ ಕಾಲು ಭಾಗ ಕಳೆಯುತ್ತಾರೆ. ಉಳಿಯುವುದು ₹1,89,000. 30 ವರ್ಷಕ್ಕೆ ಇದನ್ನು 17ರಿಂದ ಗುಣಿಸಬೇಕು. ₹32,13,000. ಅಂತ್ಯಕ್ರಿಯೆಯ ಖರ್ಚು, ಹೆಂಡತಿ ಮಕ್ಕಳಿಗೆ ಆದ ನಷ್ಟ ಅಂತ ಇನ್ನೂ ಕೆಲವು ಮೊತ್ತ ಇದಕ್ಕೆ ಸೇರುತ್ತವೆ. ಬಡ್ಡಿ ಬೇರೆ. ಈ ಲೆಕ್ಕ ನನ್ನ ಕಲ್ಪನೆಯದ್ದಲ್ಲ. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮ ತೀರ್ಪು ಮತ್ತು 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಹಾಕಿಕೊಟ್ಟ ದಾರಿ ಇದು. ಅಪಘಾತ ಪರಿಹಾರದ ಕೇಸು ನಡೆಸುವ ಟ್ರಿಬ್ಯೂನಲ್‌ಗಳು ದಿನವೂ ಹೀಗೇ ಲೆಕ್ಕ ಹಾಕುತ್ತವೆ. ನೀವು ಮಾರಿದ ಕಾರಿನ ಬೆಲೆ ಎಷ್ಟು, ಈ ಮೊತ್ತ ಎಷ್ಟು ಅಂತ ನೀವೇ ನೋಡಿ.

ಇನ್ನು, ಯಾಕೆ ಹೀಗೆ ಅನ್ನುವುದನ್ನು ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 2(30)ರ ಪ್ರಕಾರ ಮಾಲೀಕ ಅಂದರೆ ಯಾರ ಹೆಸರಿನಲ್ಲಿ ವಾಹನ ನೋಂದಣಿ ಆಗಿದೆಯೋ ಅವರು. ಕೀ ಯಾರ ಕೈಯಲ್ಲಿದೆ, ಹಣ ಯಾರು ಕೊಟ್ಟರು, ಪೆಟ್ರೋಲ್ ಯಾರು ಹಾಕಿಸುತ್ತಾರೆ ಅನ್ನುವುದಕ್ಕೆ ಅಲ್ಲಿ ಜಾಗ ಇಲ್ಲ. ಸಾಲದ ಗಾಡಿಯಂಥ ಒಂದೆರಡು ಕಡೆ ಮಾತ್ರ ಸ್ವಾಧೀನದಲ್ಲಿರುವವರನ್ನು ಮಾಲೀಕ ಅನ್ನುತ್ತಾರೆ. ನಿಮ್ಮದು ಅಂಥದ್ದಲ್ಲ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಕೇಸಿನಲ್ಲಿ ಇದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿತು. ಅಲ್ಲಿ ಒಂದೇ ಕಾರು ಒಬ್ಬರಿಂದ ಒಬ್ಬರಿಗೆ ನಾಲ್ಕು ಕೈ ದಾಟಿತ್ತು. ಇನ್ಶೂರೆನ್ಸ್ ಇರಲಿಲ್ಲ. ಯಾರೂ ಹೆಸರು ಬದಲಾಯಿಸಿಕೊಂಡಿರಲಿಲ್ಲ. ಪ್ರತಿಯೊಬ್ಬರೂ "ನಾನು ಮಾರಿದ್ದೇನೆ" ಅಂದರು. ಕೊನೆಗೆ ಹೊಣೆ ಹೋಗಿ ನಿಂತದ್ದು ಆರ್‌ಟಿಒ ದಾಖಲೆಯಲ್ಲಿದ್ದ ಮೊದಲನೆಯವರ ಮೇಲೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಇನ್ನೊಂದು ತೀರ್ಪು ಬಂತು. ಕಾರು ಮಾರಿದ್ದು 2009ರ ಸೆಪ್ಟೆಂಬರ್ 11ಕ್ಕೆ, ಅಪಘಾತ ಆದದ್ದು ಅಕ್ಟೋಬರ್ 9ಕ್ಕೆ. ಕೊಂಡವರು ಹೆಸರು ಬದಲಾಯಿಸಿಕೊಳ್ಳಲು ಕಾಯ್ದೆಯೇ 30 ದಿನ ಕೊಡುತ್ತದಲ್ಲ, ಅದು ಮುಗಿಯುವ ಮೊದಲೇ ಅಪಘಾತ ಆಯಿತಲ್ಲ ಅನ್ನುವ ವಾದ ಎದ್ದಿತು. ಅದೂ ನಿಲ್ಲಲಿಲ್ಲ. ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿತ್ತು ಅನ್ನುವುದಷ್ಟೇ ಪ್ರಶ್ನೆ. ನಿಮ್ಮ ಗಾಡಿಗೆ ಎಂಟು ತಿಂಗಳಾಗಿದೆ.

ಕೇರಳದಿಂದ ಹೋದ ಒಂದು ಕೇಸು 2001ರಲ್ಲೇ ತೀರ್ಮಾನ ಆಗಿತ್ತು. ಆ ತೀರ್ಪು ನಿಮ್ಮ ಸ್ಟ್ಯಾಂಪ್ ಪೇಪರಿನ ಬಗ್ಗೆ ಚೆನ್ನಾಗಿ ತಿಳಿಸುತ್ತದೆ. ಹಣ ಕೊಟ್ಟು ಕಾರು ಕೈಗೆ ಸಿಕ್ಕಿದರೆ ಮಾರಾಟ ಆದಂತೆಯೇ, ಅದರಲ್ಲಿ ತಕರಾರಿಲ್ಲ ಅಂತ ಕೋರ್ಟ್ ಒಪ್ಪಿತು. ಆದರೂ ದಾಖಲೆಯಲ್ಲಿ ಹೆಸರು ಉಳಿದಿರುವವರೆಗೆ ಹೊರಗಿನವರ ಮಟ್ಟಿಗೆ ಹಳೆಯ ಮಾಲೀಕರ ಹೊಣೆ ಹೋಗುವುದಿಲ್ಲ ಅಂದಿತು. ಅಂದರೆ ನಿಮ್ಮ ಕರಾರು ನಿಮ್ಮಿಬ್ಬರ ನಡುವಿನದ್ದು. ರಸ್ತೆಯಲ್ಲಿ ಬಿದ್ದ ಮನುಷ್ಯ ಅದಕ್ಕೆ ಸಹಿ ಹಾಕಿಲ್ಲ.

ಹಿಂದೊಮ್ಮೆ ನನ್ನ ಆಫೀಸಿಗೆ ಒಬ್ಬರು ಅಡಿಕೆ ಕೃಷಿಕರು ಇಂಥದ್ದೇ ಕರಾರು ಪತ್ರ ಹಿಡಿದುಕೊಂಡು ಬಂದಿದ್ದರು. ಲ್ಯಾಮಿನೇಶನ್ ಮಾಡಿಸಿ, ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಅದನ್ನು ಅಂಗಿಯ ಒಳಗಿಟ್ಟುಕೊಂಡು ತಂದಿದ್ದರು. ಮಳೆಗಾಲ. ಅಂಗಿ ನೆನೆದಿತ್ತು, ಪತ್ರ ನೆನೆದಿರಲಿಲ್ಲ. ಆ ಒಂದು ಹಾಳೆ ತನ್ನನ್ನು ಕಾಯುತ್ತದೆ ಅಂತ ಅವರು ಪೂರ್ತಿ ನಂಬಿದ್ದರು. ಅದು ಟ್ರಿಬ್ಯೂನಲ್‌ನಲ್ಲಿ ನಡೆಯುವುದಿಲ್ಲ ಅಂತ ನಾನು ಹೇಳಬೇಕಾಯಿತು. ಅವರ ಮುಖ ನನಗೆ ಇವತ್ತಿಗೂ ನೆನಪಿದೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತದ್ದು ಅದಕ್ಕೇ. ಅವರು ಬಂದದ್ದು ಅಪಘಾತ ಆದ ಮೇಲೆ. ನೀವು ಕೇಳುತ್ತಿರುವುದು ಆಗುವ ಮೊದಲು.

ಈ ಕಾನೂನು ಅನ್ಯಾಯದ್ದು ಅಂತ ಅನಿಸಬಹುದು. ನಾನು ಹಾಗೆ ಅಂದುಕೊಳ್ಳುವುದಿಲ್ಲ. ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಕಡೆಯಿಂದ ನೋಡಿ. ಅವರಿಗೆ ಗೊತ್ತಿರುವುದು ಗಾಡಿಯ ನಂಬರ್ ಒಂದೇ. ಆ ನಂಬರ್ ಹಿಡಿದು ಹುಡುಕಿದರೆ ಸಿಗುವುದು ಆರ್‌ಸಿಯ ಹೆಸರು. ಆ ಹೆಸರಿನವರು "ನಾನು ಅವನಿಗೆ ಮಾರಿದೆ" ಅನ್ನುವುದು, ಅವನು "ನಾನು ಇನ್ನೊಬ್ಬನಿಗೆ ಮಾರಿದೆ" ಅನ್ನುವುದು, ಹೀಗೆ ಪೆರ್ಲದಿಂದ ವಿಟ್ಲಕ್ಕೆ, ವಿಟ್ಲದಿಂದ ಪುತ್ತೂರಿಗೆ ಅವರು ಮಕ್ಕಳನ್ನು ಕಟ್ಟಿಕೊಂಡು ಅಲೆಯಬೇಕೇ? ಹೆಸರು ಬದಲಾಯಿಸುವುದು ಮಾರಿದವರಿಗೂ ಕೊಂಡವರಿಗೂ ಸೇರಿದ ಕೆಲಸ. ಅವರು ಮಾಡದೆ ಬಿಟ್ಟದ್ದರ ಕಷ್ಟ ಅಪಘಾತದಲ್ಲಿ ನೊಂದವರ ಮೇಲೆ ಬರಬಾರದು.

ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಇನ್ಶೂರೆನ್ಸ್ ಇಲ್ಲದೆ ಓಡಿಸುವುದು ಓಡಿಸಿದವರ ತಪ್ಪೇ. ಆದರೆ ಸೆಕ್ಷನ್ 146 ಮತ್ತು 196 ಓಡಿಸುವವರನ್ನು ಮಾತ್ರ ಹಿಡಿಯುವುದಿಲ್ಲ, ಓಡಿಸಲು ಬಿಟ್ಟವರನ್ನೂ ಹಿಡಿಯುತ್ತವೆ. ಮೊದಲ ಸಲ ₹2,000, ಮತ್ತೆ ಸಿಕ್ಕಿಬಿದ್ದರೆ ₹4,000 ದಂಡ, ಮೂರು ತಿಂಗಳವರೆಗೆ ಜೈಲು ಕೂಡ ಆಗಬಹುದು. ಪೊಲೀಸರಿಗೂ ಮೊದಲು ಸಿಗುವ ವಿಳಾಸ ನಿಮ್ಮದು. ಅಂದು ಯಾರು ಓಡಿಸುತ್ತಿದ್ದರು ಅಂತ ಸೆಕ್ಷನ್ 133ರ ಕೆಳಗೆ ನಿಮ್ಮನ್ನೇ ಕೇಳುತ್ತಾರೆ. ಹಾಗಂತ ಜೈಲಿನ ಹೆದರಿಕೆ ಇಟ್ಟುಕೊಳ್ಳಬೇಡಿ. ಅಜಾಗರೂಕತೆಯಿಂದ ಓಡಿಸಿ ಜೀವ ತೆಗೆದ ಕ್ರಿಮಿನಲ್ ಕೇಸು ಸ್ಟೇರಿಂಗ್ ಹಿಡಿದವರ ಮೇಲೆ. ನಿಮ್ಮ ತಲೆಗೆ ಬರುವುದು ಹಣ. ಆ ಹಣ ಕಟ್ಟದಿದ್ದರೆ ಸೆಕ್ಷನ್ 174ರಂತೆ ಟ್ರಿಬ್ಯೂನಲ್ ಜಿಲ್ಲಾಧಿಕಾರಿಗೆ ಬರೆಯಬಹುದು, ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬಹುದು. ತೋಟ, ಮನೆ ಎರಡೂ ಅದರೊಳಗೆ ಬರುತ್ತವೆ.

ಈಗ ಇನ್ಶೂರೆನ್ಸ್ ವಿಷಯ. ಇಲ್ಲಿ ಜನ ಜಾಸ್ತಿ ತಪ್ಪು ತಿಳಿದುಕೊಂಡಿರುತ್ತಾರೆ. ನಮ್ಮಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರುವುದು ಗಾಡಿಗೆ, ಡ್ರೈವರಿಗೆ ಅಲ್ಲ. ಗಾಡಿ ಮಾರಿದರೆ ನಡೆಯುತ್ತಿರುವ ಪಾಲಿಸಿ ಸತ್ತುಹೋಗುವುದಿಲ್ಲ. ಸೆಕ್ಷನ್ 157ರ ಪ್ರಕಾರ ಅದು ಗಾಡಿಯ ಜೊತೆಗೇ ಹೊಸಬರಿಗೆ ಹೋಗುತ್ತದೆ. ಕೊಂಡವರು 14 ದಿನದೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ತಿಳಿಸದಿದ್ದರೂ ಬಿದ್ದವರಿಗೆ ಪರಿಹಾರ ಸಿಗುವುದು ತಪ್ಪುವುದಿಲ್ಲ. ಹಾಗಾಗಿ ನೀವು ಕಾರು ಕೊಟ್ಟ ಮೊದಲ ಆರು ತಿಂಗಳು ನಿಮಗೆ ಅಷ್ಟು ಅಪಾಯ ಇರಲಿಲ್ಲ. ಪಾಲಿಸಿ ಮುಗಿದ ದಿನದಿಂದ ಶುರುವಾಯಿತು. ಈ ಎರಡು ತಿಂಗಳು ಏನೂ ಆಗದಿದ್ದದ್ದು ನಿಮ್ಮ ಪುಣ್ಯ.

ಮಾರಿದ ಕಾರಿಗೆ ನಾನು ಪಾಲಿಸಿ ತೆಗೆದರೆ ಅದು ನಡೆಯುತ್ತದೆಯೇ ಅಂತ ನೀವು ಕೇಳುತ್ತೀರಿ. 2011ರಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆ ನೋಡಿದೆ. ಒಂದು ಲಾರಿಯನ್ನು 1993ರ ಫೆಬ್ರವರಿಯಲ್ಲಿ ಮಾರಿದ್ದರು, ಹೆಸರು ಬದಲಾಗಿರಲಿಲ್ಲ. ಅಪಘಾತ ಆದದ್ದು 1994ರ ಮೇ ತಿಂಗಳಲ್ಲಿ. ಇನ್ಶೂರೆನ್ಸ್ ಹಳೆಯ ಮಾಲೀಕರ ಹೆಸರಿನಲ್ಲೇ ಇತ್ತು. ದಾಖಲೆಯ ಪ್ರಕಾರ ಮಾಲೀಕರು ಹಳೆಯವರೇ, ಪಾಲಿಸಿಯೂ ಅವರ ಹೆಸರಿನಲ್ಲೇ ಇದೆ, ಹಾಗಾಗಿ ಕಂಪನಿ ಹಣ ಕೊಡಬೇಕು ಅಂತ ತೀರ್ಪಾಯಿತು. ನಿಮ್ಮನ್ನು ಸಿಕ್ಕಿಸುವ ಅದೇ ನಿಯಮ ಇಲ್ಲಿ ನಿಮ್ಮನ್ನು ಕಾಯುತ್ತದೆ. ಆರ್‌ಸಿಯಲ್ಲಿ ಹೆಸರು ಇರುವವರೆಗೆ ಪಾಲಿಸಿಯೂ ನಿಮ್ಮ ಹೆಸರಿನಲ್ಲಿರಲಿ. ಅರ್ಜಿಯಲ್ಲಿ ಏನೇ ಕೇಳಿದರೂ ಇದ್ದದ್ದನ್ನು ಇದ್ದ ಹಾಗೇ ಹೇಳಿ. ಪಾಲಿಸಿ ಕೈಗೆ ಬಂದ ಮೇಲೆ ಅದು ಯಾವ ದಿನ, ಎಷ್ಟು ಗಂಟೆಯಿಂದ ಶುರು ಅಂತ ಮೊದಲು ನೋಡಿ. ಹಣ ಕಟ್ಟಿದ ಕ್ಷಣದಿಂದಲೇ ಶುರು ಅಂತ ಅಂದುಕೊಳ್ಳಬೇಡಿ. ಆ ಗಂಟೆಗಿಂತ ಮೊದಲು ಆದ ಅಪಘಾತಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ.

ಪಾಲಿಸಿ ಇದ್ದರೂ ಉಳಿಯುವ ಒಂದು ಅಪಾಯ ಇದೆ. ಓಡಿಸುವವರಿಗೆ ಸರಿಯಾದ ಲೈಸೆನ್ಸ್ ಇಲ್ಲದಿದ್ದರೆ ಕಂಪನಿ ಮೊದಲು ಬಿದ್ದವರಿಗೆ ಹಣ ಕೊಟ್ಟು, ಆಮೇಲೆ ಅದನ್ನು ಮಾಲೀಕರಿಂದ ವಾಪಸು ಕೇಳಬಹುದು. ಕೋರ್ಟಿನಲ್ಲಿ ಇದಕ್ಕೆ ಪೇ ಆ್ಯಂಡ್ ರಿಕವರ್ ಅನ್ನುತ್ತಾರೆ. 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಇದು ಗಟ್ಟಿಯಾಯಿತು. ಮಾಲೀಕರ ಕಡೆಯಿಂದ ತಪ್ಪಾಗಿದೆ ಅಂತ ಕಂಪನಿ ತೋರಿಸಬೇಕು ಅಂತಲೂ ಅದೇ ತೀರ್ಪು ಹೇಳುತ್ತದೆ. ಅದಕ್ಕೆ ಕಾರು ಕೊಂಡವರ ಲೈಸೆನ್ಸಿನ ಫೋಟೋ ಒಂದು ತರಿಸಿಕೊಂಡು ಇಟ್ಟುಕೊಳ್ಳಿ. ನೋಡಿಯೇ ಕೊಟ್ಟಿದ್ದೇನೆ ಅನ್ನಲು ಒಂದು ಆಧಾರ ಇರುತ್ತದೆ.

ಇಷ್ಟಾದರೆ ಇವತ್ತಿನ ರಾತ್ರಿ ನೀವು ನಿದ್ದೆ ಮಾಡಬಹುದು. ಆದರೆ ಪಾಲಿಸಿ ಮದ್ದಲ್ಲ, ಗಾಯಕ್ಕೆ ಕಟ್ಟಿದ ಬಟ್ಟೆ. ಹೆಸರು ಬದಲಾಗಲೇಬೇಕು. ಗಡಿಯವರಾದ ನಮಗೆ ತೊಡಕು ಬರುವುದು ಇಲ್ಲೇ.

ಪೆರ್ಲದಿಂದ ವಿಟ್ಲಕ್ಕೆ ಹೋಗುವಾಗ ಅಡ್ಕಸ್ಥಳ ದಾಟಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಅದೇ ಮಾತು, ಅದೇ ನೆಂಟರು, ಅದೇ ಅಡಿಕೆ. ಕಾಗದಕ್ಕೆ ಮಾತ್ರ ಅದು ಎರಡು ರಾಜ್ಯ. ಒಂದೇ ರಾಜ್ಯದೊಳಗೆ ಮಾರಿದರೆ ಸೆಕ್ಷನ್ 50ರಂತೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ನೀವು ಸಹಿ ಹಾಕಿ ಕೊಟ್ಟದ್ದು ಫಾರಂ 29 ಮತ್ತು 30 ಇರಬೇಕು. ಅವು ಈ ಕೆಲಸದ್ದೇ. ಆದರೆ ಗಾಡಿ ಬೇರೆ ರಾಜ್ಯಕ್ಕೆ ಹೋಗುವಾಗ ಅವೆರಡೇ ಸಾಲುವುದಿಲ್ಲ. ಮೊದಲು ನಿಮ್ಮ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಬೇಕು. ಅದಕ್ಕೆ ಫಾರಂ 28. ಮಾರಿದ 45 ದಿನದೊಳಗೆ ಆ ಕಾಗದಗಳನ್ನು ಒಪ್ಪಿಸಬೇಕಾದದ್ದು ಮಾರಿದವರು.

ಇಲ್ಲಿ ನಿಮ್ಮಿಂದಲೂ ಒಂದು ತಪ್ಪಾಗಿದೆ. ಬೇಸರ ಮಾಡಿಕೊಳ್ಳಬೇಡಿ, ಹೇಳದೆ ಬಿಟ್ಟರೆ ಕೆಲಸ ಮುಂದೆ ಹೋಗುವುದಿಲ್ಲ. ಎನ್‌ಒಸಿ ತೆಗೆಸಿಕೊಡಬೇಕಾದವರು ನೀವು. ಅದು ಇಲ್ಲದೆ ಆ ಮನುಷ್ಯ ಮನಸ್ಸು ಮಾಡಿದರೂ ಕರ್ನಾಟಕದಲ್ಲಿ ಹೆಸರು ಬದಲಾಯಿಸಲು ಆಗುವುದಿಲ್ಲ. "ಮಾಡುವ ಅಣ್ಣಾ" ಅನ್ನುವುದರ ಹಿಂದೆ ಎರಡು ಕಾರಣ ಇರಬಹುದು. ಒಂದು, ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿಲ್ಲ. ಇನ್ನೊಂದು, ಕರ್ನಾಟಕದ ಲೈಫ್ ಟ್ಯಾಕ್ಸ್, ಅಂದರೆ ಗಾಡಿಗೆ ಒಮ್ಮೆಲೇ ಕಟ್ಟುವ ತೆರಿಗೆ. ಹೊಸ ನಂಬರ್ ಹಾಕಿಸಿಕೊಳ್ಳುವಾಗ ಅದನ್ನು ಕಟ್ಟಬೇಕು. ಕೇರಳದ ಹಳೆ ಕಾರು ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡವರಿಗೆ ಈ ಖರ್ಚು ಕಣ್ಣಿಗೆ ಬೀಳುವುದು ಆಮೇಲೆ. ನಮ್ಮ ಗಡಿಯಲ್ಲಿ ಇಷ್ಟೊಂದು ಕೆಎಲ್ 14 ಗಾಡಿಗಳು ಆಚೆ ಕಡೆ ಹೆಸರು ಬದಲಾಗದೆ ಓಡುತ್ತಿರುವುದಕ್ಕೆ ಮುಖ್ಯ ಕಾರಣ ಇದೇ ಅಂತ ನನಗೆ ಅನಿಸುತ್ತದೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರ್ ತೆಗೆದುಕೊಳ್ಳಲೇಬೇಕು ಅಂತ ಸೆಕ್ಷನ್ 47 ಹೇಳುತ್ತದೆ. ಆ 12 ತಿಂಗಳನ್ನು ಜನ ಹೆಸರು ಬದಲಾಯಿಸಲು ಇರುವ ಸಮಯ ಅಂತ ತಿಳಿಯುತ್ತಾರೆ. ಅದು ನಂಬರಿಗೆ ಇರುವ ಸಮಯ, ಮಾಲೀಕತ್ವಕ್ಕೆ ಅಲ್ಲ.

ನಾಳೆ ಅಕ್ಷಯ ಕೇಂದ್ರಕ್ಕೆ (ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ) ಹೋಗಿ, ಇಲ್ಲವೇ ಮನೆಯಿಂದಲೇ ಪರಿವಾಹನ್ ವೆಬ್‌ಸೈಟಿನಲ್ಲಿ ಎನ್‌ಒಸಿಗೆ ಅರ್ಜಿ ಹಾಕಿ. ಕಾರಿನ ಮೇಲೆ ಮೊದಲು ಬ್ಯಾಂಕ್ ಸಾಲ ಇತ್ತೇ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಇದ್ದರೆ ಫಾರಂ 35 ಕೊಟ್ಟು ತೆಗೆಸಬೇಕು. ಎನ್‌ಒಸಿ ಸಿಕ್ಕಿತು ಅಂತ ಸುಮ್ನೆ ಕೂರಬೇಡಿ. ಅದು ಗಾಡಿಯನ್ನು ಕಳುಹಿಸಿಕೊಡಲು ಒಪ್ಪಿಗೆ ಮಾತ್ರ. ಆಚೆಯ ಆರ್‌ಟಿಒದಲ್ಲಿ ಹೆಸರು ಏರುವವರೆಗೆ ಮಾಲೀಕರು ನೀವೇ. ಸಾಧ್ಯವಾದರೆ ಒಂದು ದಿನ ಬಿಡುವು ಮಾಡಿಕೊಂಡು ಅವರ ಜೊತೆ ನೀವೇ ಹೋಗಿ. ಲೈಫ್ ಟ್ಯಾಕ್ಸಿನಲ್ಲಿ ಸ್ವಲ್ಪ ಪಾಲು ಕೊಡುತ್ತೇನೆ ಅಂದರೂ ನಿಮಗೆ ನಷ್ಟ ಇಲ್ಲ. ಮೇಲಿನ ಲೆಕ್ಕ ಮತ್ತೊಮ್ಮೆ ನೋಡಿ, ನಾನು ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ತಿಳಿಯುತ್ತದೆ.

ಅವರ ಹತ್ತಿರ ಮಾತಾಡುವಾಗ ಬೆದರಿಕೆ ಹಾಕುವುದಕ್ಕಿಂತ ಅವರಿಗೇ ಆಗುವ ನಷ್ಟ ಹೇಳಿ. ಕಾರು ಗುದ್ದಿ ಜಜ್ಜಿಹೋದರೆ, ಫುಲ್ ಇನ್ಶೂರೆನ್ಸ್ ಇದ್ದರೂ ಅದು ಅವರ ಹೆಸರಿನಲ್ಲಿ ಇಲ್ಲದಿದ್ದರೆ ರಿಪೇರಿ ಹಣ ಅವರಿಗೆ ಸಿಗುವುದಿಲ್ಲ. ಸೆಕ್ಷನ್ 157ರ ತಾನಾಗಿ ಹೋಗುವ ಸೌಲಭ್ಯ ಥರ್ಡ್ ಪಾರ್ಟಿಗೆ ಮಾತ್ರ, ಗಾಡಿಗೆ ಆದ ಹಾನಿಗೆ ಅಲ್ಲ. ಇನ್ನೂ ದೊಡ್ಡದು ಇದೆ. ಮಾಲೀಕರೇ ಓಡಿಸುವಾಗ ತೀರಿಹೋದರೆ ಮನೆಯವರಿಗೆ ಸಿಗುವ ₹15 ಲಕ್ಷದ ಅಪಘಾತ ವಿಮೆ ಇರುವುದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ. ಅವರ ಹೆಂಡತಿ ಮಕ್ಕಳಿಗೆ ಒಂದು ಪೈಸೆ ಬರುವುದಿಲ್ಲ. "ನೋಡಿ, ನನಗಾಗಿ ಬೇಡ, ನಿಮ್ಮ ಮನೆಯವರಿಗಾಗಿ ಮಾಡಿ" ಅಂತ ಹೇಳಿ. ಈ ಮಾತಿಗೆ ಎದ್ದು ಬಂದವರನ್ನು ನಾನು ಕಂಡಿದ್ದೇನೆ.

ಅದಕ್ಕೂ ಬಗ್ಗದಿದ್ದರೆ ವಕೀಲರಿಂದ ನೋಟಿಸ್ ಕೊಡಿಸಿ, ಇಷ್ಟು ದಿನದೊಳಗೆ ಹೆಸರು ಬದಲಾಯಿಸಿ ಅಂತ. ಮಾರಿದ ದಿನ, ಕೊಂಡವರ ವಿಳಾಸ, ಕರಾರಿನ ನಕಲು ಸೇರಿಸಿ ಕಾಸರಗೋಡು ಆರ್‌ಟಿಒಗೆ ಸ್ಪೀಡ್ ಪೋಸ್ಟಿನಲ್ಲಿ ತಿಳಿಸಿ. ಈ ಪತ್ರ ನಿಮ್ಮನ್ನು ಹೊಣೆಯಿಂದ ಬಿಡಿಸುವುದಿಲ್ಲ. ಆದರೆ ನೀವು ಕೈಕಟ್ಟಿ ಕೂತಿರಲಿಲ್ಲ ಅನ್ನುವುದಕ್ಕೆ ದಾಖಲೆ ಆಗುತ್ತದೆ. ಕೊನೆಗೆ ಸಿವಿಲ್ ಕೋರ್ಟಿಗೆ ಹೋಗಿ, ಹೆಸರು ಬದಲಾಯಿಸಿಕೊಳ್ಳಲು ಆದೇಶ ಕೊಡಿ ಅಂತ ಕೇಳಬಹುದು. ಏನೇ ಆದರೂ ಇನ್ನೊಂದು ಕೀ ಇದೆ ಅಂತ ರಾತ್ರಿ ಹೋಗಿ ಕಾರು ತರಬೇಡಿ. ಹಣ ಪಡೆದಿದ್ದೀರಿ, ಅದು ಕಳ್ಳತನದ ದೂರಾಗಬಹುದು. ಅವರಾಗಿ ಒಪ್ಪಿ ಹಣ ವಾಪಸು ತೆಗೆದುಕೊಂಡು ಕಾರು ಬಿಟ್ಟುಕೊಟ್ಟರೆ ಮಾತ್ರ ತನ್ನಿ.

ಇದನ್ನು ಓದುವವರಲ್ಲಿ ಅಪಘಾತ ಆಗಿಹೋದವರೂ ಇರಬಹುದು. ಟ್ರಿಬ್ಯೂನಲ್ ನೋಟಿಸ್ ಬಂದಾಗ "ನನ್ನ ಕಾರಲ್ಲ" ಅಂತ ಬದಿಗಿಡಬೇಡಿ. ಅಪಘಾತ ಆದ ಜಾಗ, ಅರ್ಜಿದಾರರು ಇರುವ ಊರು, ಎದುರು ಪಾರ್ಟಿ ಇರುವ ಊರು, ಇವುಗಳಲ್ಲಿ ಎಲ್ಲಿ ಬೇಕಾದರೂ ಕೇಸು ಹಾಕಬಹುದು. ಹಾಗಾಗಿ ನೋಟಿಸ್ ಕಾಸರಗೋಡಿನಿಂದಲೂ ಬರಬಹುದು, ಮಂಗಳೂರಿನಿಂದಲೂ ಬರಬಹುದು. ಹೋಗದಿದ್ದರೆ ನಿಮ್ಮನ್ನು ಬಿಟ್ಟು ತೀರ್ಪಾಗುತ್ತದೆ. ಮೊದಲು ಅಪಘಾತದ ದಿನ ಯಾವುದಾದರೂ ಪಾಲಿಸಿ ನಡೆಯುತ್ತಿತ್ತೇ ಅಂತ ಹುಡುಕಿ. ಕೊಂಡವರು ನಿಮಗೆ ಹೇಳದೆ ಮಾಡಿಸಿರಬಹುದು. 2018ರ ಸೆಪ್ಟೆಂಬರ್‌ನ ನಂತರ ಹೊಸದಾಗಿ ತೆಗೆದುಕೊಂಡ ಕಾರಿಗೆ ಮೂರು ವರ್ಷದ, ಬೈಕು ಸ್ಕೂಟರಿಗೆ ಐದು ವರ್ಷದ ಥರ್ಡ್ ಪಾರ್ಟಿ ಮೊದಲೇ ಇರುತ್ತದೆ. ಅದನ್ನು ಮರೆತು ಇನ್ಶೂರೆನ್ಸ್ ಇಲ್ಲ ಅಂತ ತಲೆಗೆ ಕೈ ಹೊತ್ತು ಕೂತವರಿದ್ದಾರೆ. ಕೊಂಡವರನ್ನೂ ಕೇಸಿನಲ್ಲಿ ಪಾರ್ಟಿ ಮಾಡಲು ಕೇಳಿ. ಆ ಸ್ಟ್ಯಾಂಪ್ ಪೇಪರ್ ಉಪಯೋಗಕ್ಕೆ ಬರುವುದು ಇಲ್ಲಿ. ನೀವು ಕಟ್ಟಿದ ಹಣವನ್ನು ಕೊಂಡವರಿಂದ ವಾಪಸು ಕೇಳಲು ಅದೇ ಆಧಾರ. ತೀರ್ಪು ಬಂದ ಮೇಲೆ ಹೈಕೋರ್ಟಿಗೆ ಹೋಗಲು 90 ದಿನ ಇದೆ, ₹25,000 ಅಥವಾ ತೀರ್ಪಿನ ಅರ್ಧ, ಯಾವುದು ಕಡಿಮೆಯೋ ಅದನ್ನು ಮೊದಲು ಕಟ್ಟಬೇಕು.

ಮುಂದೆ ಯಾವತ್ತಾದರೂ ಗಾಡಿ ಮಾರುವಾಗ ಕೊಂಡವರ ಜೊತೆ ಕೂತು ಅರ್ಜಿ ಹಾಕಿ, ಹೆಸರು ಬದಲಾದದ್ದು ಆ್ಯಪ್‌ನಲ್ಲಿ ಕಂಡ ಮೇಲೆ ಕೀ ಕೊಡಿ. ಪರಿಚಯದವರಾದರೂ ಸರಿ. ಖಾಲಿ ಫಾರಂಗೆ ಸಹಿ ಹಾಕಲೇಬೇಡಿ. ಹಳೆ ಗಾಡಿ ವ್ಯಾಪಾರಿಗೆ ಕೊಡುವುದಾದರೆ ಅವರಿಗೆ ಆರ್‌ಟಿಒದ ಅಧಿಕೃತ ಡೀಲರ್ ಪ್ರಮಾಣಪತ್ರ ಇದೆಯೇ ಕೇಳಿ. 2023ರ ಏಪ್ರಿಲ್‌ನಿಂದ ಬಂದ ನಿಯಮದಂತೆ ಅಂಥವರಿಗೆ ಗಾಡಿ ಒಪ್ಪಿಸುವಾಗ ಫಾರಂ 29ಸಿ ಆನ್‌ಲೈನ್‌ನಲ್ಲಿ ಸಲ್ಲಿಸಿದರೆ, ಅಲ್ಲಿಂದ ಮುಂದೆ ಮಾಲೀಕರ ಜಾಗದಲ್ಲಿ ಅವರೇ ನಿಲ್ಲುತ್ತಾರೆ. ರಸ್ತೆ ಬದಿಯ ಬ್ರೋಕರಿಗೆ ಈ ಪ್ರಮಾಣಪತ್ರ ಇಲ್ಲದಿದ್ದರೆ ಅವರಿಗೆ ಕೊಟ್ಟದ್ದೂ ನಿಮ್ಮ ಕಥೆಯ ಹಾಗೇ ಆಗುತ್ತದೆ.

ಇನ್ನು ಆ ₹500ರ ಚಲನ್. ಅದನ್ನು ನೀವೇ ಕಟ್ಟಿಬಿಡಿ. ಬಾಕಿ ಇದ್ದರೆ ಎನ್‌ಒಸಿಗೆ ತೊಡಕಾಗುತ್ತದೆ. ಆದರೆ ಕಟ್ಟುವ ಮೊದಲು ಅದರ ಫೋಟೋವನ್ನು ಕೊಂಡವರ ವಾಟ್ಸ್ಆ್ಯಪ್‌ಗೆ ಕಳುಹಿಸಿ, "ಈ ದಿನ ಕಾರು ನಿಮ್ಮ ಕೈಯಲ್ಲಿತ್ತು ಅಲ್ವಾ, ಹಣ ಕಳುಹಿಸಿ" ಅಂತ ಬರೆಯಿರಿ. ಅವರು ಹೌದು ಅಂದರೆ, ₹500 ಕಳುಹಿಸಿದರೆ, ಎಂಟು ತಿಂಗಳಿಂದ ಕಾರು ಅವರ ಹತ್ತಿರವೇ ಇದೆ ಅನ್ನುವುದಕ್ಕೆ ಅವರ ಕೈಯಿಂದಲೇ ಬಂದ ಸಾಕ್ಷಿ ನಿಮ್ಮ ಫೋನಿನಲ್ಲಿ ಉಳಿಯುತ್ತದೆ. ಆ ಮೆಸೇಜನ್ನು ಅಳಿಸಬೇಡಿ. ಪ್ರಿಂಟ್ ತೆಗೆದು ಸ್ಟ್ಯಾಂಪ್ ಪೇಪರಿನ ಜೊತೆಗೇ ಇಡಿ.